ಮಹಾಮಾರಿಯ ನೆರಳಲ್ಲಿ ಒಳಗಿನ ರಕ್ತಸ್ರಾವ



ಅನಂತಮೂರ್ತಿಯವರ 'ಸಂಸ್ಕಾರ'ದ (1965) ಮಾತು ಬಂದಾಗಲೆಲ್ಲ ಪ್ಲೇಗಿನ ಮಾತೂ ಬರುತ್ತದೆ. ಇಂಥ ಕಥೆಗಳಲ್ಲಿ ಮಾರಿಗೆ ಬಲಿಯಾದವರು ಕಾಣುತ್ತಾರೆ. ಅದೇ ಹೊತ್ತಿನಲ್ಲಿ ಬೇರೆ ಕಾಯಿಲೆಯಿಂದ ಸದ್ದಿಲ್ಲದೆ ಹೋದವರು ಅಷ್ಟಾಗಿ ಕಾಣುವುದಿಲ್ಲ. 2020ರಲ್ಲಿ ಒಶಾವಾದ ನಮಗೆ ಇದು ಮನದಟ್ಟಾಯಿತು.

ಆ ವರ್ಷ ಮಾರ್ಚ್ 17ರಂದು ಒಂಟಾರಿಯೊದಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಮಗನ ಮನೆಗೆ ಬಂದಿದ್ದ ಹಿರಿಯರೊಬ್ಬರು ವಿಮಾನ ನಿಂತದ್ದರಿಂದ ಇಲ್ಲೇ ಉಳಿದರು. ಮಂಡಿನೋವಿಗೆ ಊರಿಂದ ತಂದ ಮಾತ್ರೆ, ಹೃದಯಕ್ಕೆಂದು ಆಸ್ಪಿರಿನ್, ಎರಡೂ ನಡೆಯುತ್ತಿದ್ದವು. ಮೂರು ದಿನ ಮಲ ಡಾಂಬರಿನಂತೆ ಕಪ್ಪಾಗಿ ಹೋದರೂ ಅವರು ಬಾಯಿಬಿಡಲಿಲ್ಲ. "ಆಸ್ಪತ್ರೆಗೆ ಹೋದರೆ ಕೊರೋನಾ ಅಂಟುತ್ತೆ" ಎಂಬ ಭಯ. ನಾಲ್ಕನೆಯ ದಿನ ಬಚ್ಚಲಲ್ಲಿ ತಲೆಸುತ್ತಿ ಬಿದ್ದರು. ಆಂಬುಲೆನ್ಸ್ ಬಂತು, ರಕ್ತ ಕೊಟ್ಟರು, ಎಂಡೋಸ್ಕೋಪಿಯಲ್ಲಿ ಜಠರದ ಹುಣ್ಣು ಹುಡುಕಿ ರಕ್ತ ನಿಲ್ಲಿಸಿದರು. ಉಳಿದುಕೊಂಡರು.

ಅನ್ನನಾಳ, ಜಠರ, ಸಣ್ಣಕರುಳಿನ ಮೊದಲ ಭಾಗ, ಇವುಗಳ ರಕ್ತಸ್ರಾವದಿಂದ ಆಸ್ಪತ್ರೆ ಸೇರಿದವರಲ್ಲಿ ಸಾಮಾನ್ಯ ಕಾಲದಲ್ಲೂ ನೂರಕ್ಕೆ 2ರಿಂದ 10 ಮಂದಿ ಸಾಯುತ್ತಾರೆ. ಮುಖ್ಯ ಕಾರಣಗಳು ಹೆಲಿಕೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ, ನೋವಿನ ಮಾತ್ರೆಗಳು, ಮದ್ಯದಿಂದ ಕೆಟ್ಟ ಲಿವರ್. ಸಾಮಾನ್ಯವಾಗಿ 24 ಗಂಟೆಯೊಳಗೆ ಎಂಡೋಸ್ಕೋಪಿ ಆಗಬೇಕು.

ಮಹಾಮಾರಿ ಈ ಸಾವಿನ ಪ್ರಮಾಣವನ್ನು ಹೇಗೆ ಬದಲಿಸುತ್ತದೆ? ಮೊದಲನೆಯದು ಭಯ. 2020ರ ಏಪ್ರಿಲ್‌ನಲ್ಲಿ ಕೆನಡಾದ ತುರ್ತು ಚಿಕಿತ್ಸಾ ವಿಭಾಗಗಳಿಗೆ ಬರುವವರ ಸಂಖ್ಯೆ ಹತ್ತಿರಹತ್ತಿರ ಅರ್ಧಕ್ಕಿಳಿಯಿತು. ರಕ್ತಸ್ರಾವದವರೂ ಕಡಿಮೆ ಬಂದರೆಂದು ಹಲವು ದೇಶಗಳ ವೈದ್ಯರು ಬರೆದರು. ಬಂದವರಲ್ಲಿ ಹಿಮೋಗ್ಲೋಬಿನ್ ಹೆಚ್ಚು ಕುಸಿದಿದ್ದುದನ್ನೂ ಹಲವರು ಕಂಡರು.

ಇಲ್ಲಿ ಅಂಕಿಗಳ ಒಂದು ಮೋಸವಿದೆ. ಒಂದು ಊರಲ್ಲಿ 100 ರೋಗಿಗಳು, ಅವರಲ್ಲಿ 5 ಸಾವು ಎಂದು ಊಹಿಸಿಕೊಳ್ಳಿ. ಮಹಾಮಾರಿಯಲ್ಲಿ ಸೌಮ್ಯ ಸ್ವರೂಪದ 40 ಮಂದಿ ಮನೆಯಲ್ಲೇ ಉಳಿದರು. ಬಂದ 60ರಲ್ಲಿ ಅದೇ 5 ಸಾವು. ಚಿಕಿತ್ಸೆ ಕೆಡದಿದ್ದರೂ ಪ್ರಮಾಣ ನೂರಕ್ಕೆ 5ರಿಂದ 8ಕ್ಕೇರಿತು. ಮನೆಯಲ್ಲೇ ಉಳಿದವರಲ್ಲಿ ಯಾರಾದರೂ ತೀರಿಕೊಂಡರೆ ಆ ಸಾವು ಆಸ್ಪತ್ರೆಯ ಲೆಕ್ಕಕ್ಕೆ ಸೇರುವುದೇ ಇಲ್ಲ. ಕೆಲವೆಡೆ ಸಾವಿನ ಪ್ರಮಾಣ ಏರಿತೆಂದೂ ಕೆಲವೆಡೆ ಏರಲಿಲ್ಲವೆಂದೂ ವರದಿಗಳು ಬಂದುದಕ್ಕೆ ಇದೂ ಒಂದು ಕಾರಣ. ಮಾಮೂಲಿ ಎಂಡೋಸ್ಕೋಪಿಗಳನ್ನು ಮುಂದೂಡಿದಾಗಲೂ ರಕ್ತಸ್ರಾವಕ್ಕೆ ಬಾಗಿಲು ತೆರೆದೇ ಇತ್ತು ಎಂಬುದು ಇನ್ನೊಂದು.

ಎರಡನೆಯದು ಕೋವಿಡ್. ತೀವ್ರವಾಗಿ ನರಳುವವರಿಗೆ ರಕ್ತ ಹೆಪ್ಪುಗಟ್ಟದಿರಲು ಕೊಡುವ ಔಷಧಿ, ಸ್ಟೀರಾಯ್ಡ್, ವೆಂಟಿಲೇಟರಿನ ಒತ್ತಡ, ಇವು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಇಂಥವರಲ್ಲಿ ಸಾವು ಹೆಚ್ಚು. ಆದರೆ ಬಹುಪಾಲು ಕೊಲ್ಲುವುದು ಶ್ವಾಸಕೋಶದ ಕಾಯಿಲೆ.

ಮೂರನೆಯದು ಮದ್ಯ. ಅಮೆರಿಕದಲ್ಲಿ ಮದ್ಯ ಸಂಬಂಧಿ ಸಾವುಗಳು 2019ಕ್ಕಿಂತ 2020ರಲ್ಲಿ ಸುಮಾರು ಶೇ. 25 ಹೆಚ್ಚಿದವು, ಕೆನಡಾದಲ್ಲೂ ಏರಿದವು. ಲಿವರ್ ಗಟ್ಟಿಯಾದಾಗ ಅನ್ನನಾಳದಲ್ಲಿ ಉಬ್ಬಿದ ರಕ್ತನಾಳ ಒಡೆಯುವುದು ರಕ್ತಸ್ರಾವಗಳಲ್ಲೇ ಬಲು ಭೀಕರ.

ಒಟ್ಟಿನಲ್ಲಿ, ಮಹಾಮಾರಿ ರೋಗಾಣುವಿನಿಂದ ಮಾತ್ರವಲ್ಲ, ತಡದಿಂದಲೂ ಕೊಲ್ಲುತ್ತದೆ. ಆದ್ದರಿಂದ ಊರಿಂದ ಬಂದ ಅಪ್ಪ ಅಮ್ಮಂದಿರ ಮಾತ್ರೆಯ ಡಬ್ಬಿಯನ್ನು ಒಮ್ಮೆ ತೆರೆದು ನೋಡಿ. ಕಬ್ಬಿಣಾಂಶದ ಮಾತ್ರೆಯಿಂದಲೂ ಮಲ ಕಪ್ಪಾಗಬಹುದು. ಆದರೆ ಅಂಟಂಟಾಗಿ ವಿಪರೀತ ನಾರುತ್ತಿದ್ದರೆ, ರಕ್ತವಾಂತಿಯಾದರೆ, ತಲೆಸುತ್ತಿದರೆ 911ಕ್ಕೆ ಕರೆ ಮಾಡಿ. ವಿಮೆಯಿಲ್ಲದವರ ಆಸ್ಪತ್ರೆ ಖರ್ಚನ್ನು 2020ರಲ್ಲಿ ಒಂಟಾರಿಯೊ ವಹಿಸಿಕೊಂಡಿತ್ತು. 2023ರ ಮಾರ್ಚ್ 31ಕ್ಕೆ ಅದು ನಿಂತಿದೆ. ಹಿರಿಯರು ಹೊರಡುವ ಮುನ್ನವೇ ವಿಮೆ ಮಾಡಿಸಿ.

ನಮ್ಮ ಹಿರಿಯರು ಸಂಕೋಚದಿಂದ ಇಂಥ ಮಾತು ಆಡುವುದಿಲ್ಲ. ನಾವೇ ಕೇಳಬೇಕು.

ಇಂತಿ,
ಒಶಾವಾದ ಬಳಗದ ಗೆಳೆಯರು