ಬಾಗಲಕೋಟೆಯಿಂದ ಇಳಕಲ್ಲಿಗೆ 60,000 ತಲೆಮಾರು

ಐಹೊಳೆಯ ಮೇಗುಟಿ ಬಸದಿಯ ಗೋಡೆಯ ಮೇಲೆ ಕವಿ ರವಿಕೀರ್ತಿ ತನ್ನ ಕಾಲವನ್ನು ಎರಡು ಲೆಕ್ಕದಲ್ಲಿ ಹೇಳಿದ್ದಾನೆ: ಶಕ ವರ್ಷ 556, ಭಾರತ ಯುದ್ಧವಾಗಿ 3735 ವರ್ಷ. ನಮ್ಮ ಲೆಕ್ಕಕ್ಕೆ ಅದು ಕ್ರಿ.ಶ. 634. ಇಮ್ಮಡಿ ಪುಲಿಕೇಶಿಯ ಗೆಲುವುಗಳನ್ನು ಹೊಗಳಲು ಕೂತವನಿಗೆ 3735 ಎಂಬುದು ಕಣ್ಣರಳಿಸುವ ಸಂಖ್ಯೆಯೇ ಇದ್ದೀತು. ಅದೇ ಗುಡ್ಡದ ಮೇಲೆ, ಬಸದಿಗೆ ಸಮೀಪದಲ್ಲೇ, ಅವನ ಕಾಲಕ್ಕೆ ಆಗಲೇ ಹಳತಾಗಿದ್ದ ಕಬ್ಬಿಣ ಯುಗದ ಕಲ್ಗೋರಿಗಳಿವೆ. ಈ ಸೀಮೆಯಲ್ಲಿ ಅಂಥವನ್ನು ಮೋರೇರ ಮನೆ ಎನ್ನುತ್ತಾರೆ.

ಒಂದು ಲೆಕ್ಕ ಹಾಕಿ ನೋಡೋಣ. ತಲೆಮಾರಿಗೆ 25 ವರ್ಷ. ಬಾಗಲಕೋಟೆಯಲ್ಲಿ ನೀವು ನಿಲ್ಲಿ. ನಿಮ್ಮ ಹಿಂದೆ ಒಂದು ಮೀಟರಿಗೆ ತಾಯಿ, ಇನ್ನೊಂದು ಮೀಟರಿಗೆ ಅಜ್ಜಿ, ಹೀಗೆ ಸಾಲು ಹುನಗುಂದ, ಇಳಕಲ್ಲಿನ ಕಡೆಗೆ ಬೆಳೆಯಲಿ.

ರವಿಕೀರ್ತಿಯ ಕಾಲ 56 ಮೀಟರಿಗೇ ಬಂತು. ಕ್ರಿ.ಶ. 578ರ ಬಾದಾಮಿಯ ಮೂರನೇ ಗುಹೆ 58ಕ್ಕೆ, 543ರಲ್ಲಿ ಒಂದನೇ ಪುಲಿಕೇಶಿ ಕಟ್ಟಿಸಿದ ಕೋಟೆ 59ಕ್ಕೆ. ಬಾದಾಮಿ ಚಾಲುಕ್ಯರ ಇಡೀ ಆಳ್ವಿಕೆಗೆ ಈ ಸಾಲಿನಲ್ಲಿ ಸಿಗುವುದು ಒಂಬತ್ತು ಜನರ ಜಾಗ, ಅಷ್ಟೆ. ತೇರದಾಳದಲ್ಲಿ ದನ ಸಾಕಿಕೊಂಡಿದ್ದ ನವಶಿಲಾಯುಗದ ರೈತರು 150 ಮೀಟರಿನ ಆಸುಪಾಸಿನಲ್ಲಿ ಸಿಗುತ್ತಾರೆ. ರಾಜರು, ಶಾಸನಗಳು, ಗುಡಿಗಳು, ಹೊಲ, ಮಡಕೆ ಎಲ್ಲವೂ ಮುಗಿದವು. ಸಾಲು ಇನ್ನೂ ಊರು ದಾಟಿಲ್ಲ.

ಮುಂದಿನದನ್ನೆಲ್ಲ ಹೇಳುವುದು ಕಲ್ಲುಗಳೇ. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ 1863ರಲ್ಲಿ ಮದ್ರಾಸಿನ ಪಲ್ಲಾವರದಲ್ಲಿ ಹಳೆಶಿಲಾಯುಗದ ಕಲ್ಲಿನ ಆಯುಧ ಗುರುತಿಸಿದ. ಬೈಬಲ್ಲಿನ ಲೆಕ್ಕ ಹಿಡಿದು ಜಗತ್ತು ಹುಟ್ಟಿ ಆರು ಸಾವಿರ ವರ್ಷ ಎಂದು ಅವನ ನಾಡಿನ ಎಷ್ಟೋ ಮಂದಿ ಇನ್ನೂ ನಂಬಿದ್ದ ಕಾಲ ಅದು. ಆಮೇಲೆ ಅವನು ನಮ್ಮ ಕಡೆ ಬಂದ. ಗೋಕಾಕದ ಹತ್ತಿರ ಘೇಂಡಾಮೃಗದ ಪಳೆಯುಳಿಕೆ ಸಿಕ್ಕಿತು. 1874ರಲ್ಲಿ ಅದಕ್ಕೆ ದಖ್ಖನ್ನಿನ ಹೆಸರನ್ನೇ ಇಟ್ಟ. ಘಟಪ್ರಭೆಯ ನೀರು ಕುಡಿದ ಘೇಂಡಾಮೃಗ! ಬಾದಾಮಿ ತಾಲೂಕಿನಲ್ಲಿ ಮಲಪ್ರಭೆಯ ದಂಡೆಯ ಖ್ಯಾಡ ಗ್ರಾಮ ಪ್ರಾಗಿತಿಹಾಸದವರಿಗೆ ಪರಿಚಿತ ಹೆಸರು. ಆರ್.ವಿ. ಜೋಶಿ 1955ರಲ್ಲಿ ಮಲಪ್ರಭಾ ಕಣಿವೆಯ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಘಟಪ್ರಭೆಯ ಅನಗವಾಡಿಯನ್ನು ಆರ್.ಎಸ್. ಪಪ್ಪು ಅಗೆದರು. ಮಲಪ್ರಭೆಯ ಲಖಮಾಪುರದಲ್ಲಿ ರವಿ ಕೊರಿಶೆಟ್ಟರ್ ಮತ್ತು ಮೈಕೆಲ್ ಪೆಟ್ರಾಗ್ಲಿಯಾ ಕೆಲಸ ಮಾಡಿದರು. ಎಲ್ಲ ಕಡೆ ಸಿಕ್ಕಿದ್ದು ಕಲಾದಗಿ ಸೀಮೆಯ ಗಟ್ಟಿ ಬೆಣಚುಗಲ್ಲನ್ನು ಎರಡೂ ಮಗ್ಗುಲು ಚಕ್ಕೆ ಎಬ್ಬಿಸಿ ಮಾಡಿದ ಕೈಗೊಡಲಿ, ಸೀಳುಗತ್ತಿಯಂಥವು.

ಎಷ್ಟು ಹಳೆಯವು? ವಯಸ್ಸಿನ ಲೆಕ್ಕ ಪಕ್ಕದ ಸೀಮೆಯಿಂದ ಬರುತ್ತದೆ. ಕೆ. ಪದ್ದಯ್ಯ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಅಗೆದಾಗ ಕೈಗೊಡಲಿಗಳ ಜತೆ ಪ್ರಾಣಿಗಳ ಹಲ್ಲು ಸಿಕ್ಕವು. ಆ ಹಲ್ಲಿನ ಎನಾಮಲ್ ಪರೀಕ್ಷಿಸಿದಾಗ ಬಂದ ವಯಸ್ಸು ಸುಮಾರು 12 ಲಕ್ಷ ವರ್ಷ. ನಮ್ಮ ಸಾಲಿನಲ್ಲಿ 48 ಕಿ.ಮೀ.: ಹೆಚ್ಚುಕಡಿಮೆ ಹುನಗುಂದ. 2011ರಲ್ಲಿ ಶಾಂತಿ ಪಪ್ಪು ಮತ್ತು ಸಂಗಡಿಗರು ತಮಿಳುನಾಡಿನ ಅತ್ತಿರಂಪಾಕ್ಕಂನ ಕೈಗೊಡಲಿಗಳಿಗೆ 15 ಲಕ್ಷ ವರ್ಷ ಎಂದರು. 60 ಕಿ.ಮೀ.; ಇಳಕಲ್ ಬಂತು. (ತ್ರೇತಾಯುಗಕ್ಕೆ ಪುರಾಣಗಳು ಕೊಟ್ಟ ಅಳತೆ 12,96,000 ವರ್ಷ. ಕಾಕತಾಳೀಯ, ಆದರೆ ಲಕ್ಷಗಳಿಗೆ ನಾವು ಬೆಚ್ಚುವ ಜನ ಅಲ್ಲ.)

ಬೆಚ್ಚಬೇಕಾದ್ದು ಬೇರೆ ಇದೆ. ಅದೇ ಅತ್ತಿರಂಪಾಕ್ಕಂನಲ್ಲಿ ಕೈಗೊಡಲಿಯ ಕಾಲ ಮುಗಿದು ಹೊಸ ಬಗೆಯ ಕಲ್ಲುಗೆಲಸ ಶುರುವಾದದ್ದು ಸುಮಾರು 3,85,000 ವರ್ಷದ ಹಿಂದೆ. ಅಂದರೆ ಇಳಕಲ್ಲಿನಿಂದ ಬಾಗಲಕೋಟೆಗೆ ಸಮೀಪದ ಶಿರೂರಿನ ಹತ್ತಿರದವರೆಗೆ, 44,000ಕ್ಕೂ ಹೆಚ್ಚು ತಲೆಮಾರು, ಒಂದೇ ಬಗೆಯ ಆಯುಧ! ಅಪ್ಪ ತೋರಿಸಿದ್ದನ್ನು ಮಗ, ಅವನು ತೋರಿಸಿದ್ದನ್ನು ಅವನ ಮಗ. ನಮ್ಮ ಕಡೆ ಮರದ ಕೂರಿಗೆಯಿಂದ ಟ್ರ್ಯಾಕ್ಟರಿಗೆ ಬರಲು ಎರಡು ತಲೆಮಾರು ಸಾಕಾಯಿತು. ಇದನ್ನು ಜಡತ್ವ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಮಳೆ, ಬರ, ಪ್ರಾಣಿಗಳು ಬದಲಾದರೂ ಕೆಲಸಕ್ಕೆ ಬಂದ ವಸ್ತು ಅದು.

ಇನ್ನೊಂದು ಮಾತು. ನಮ್ಮ ಜಾತಿಯ ಮನುಷ್ಯ, ಹೋಮೋ ಸೇಪಿಯನ್ಸ್, ಈವರೆಗೆ ಸಿಕ್ಕ ಅತಿ ಹಳೆಯ ಎಲುಬುಗಳ ಪ್ರಕಾರ ಸುಮಾರು 3 ಲಕ್ಷ ವರ್ಷದವನು. ಅವು ಸಿಕ್ಕಿದ್ದು ಮೊರಾಕ್ಕೊದಲ್ಲಿ. ಸಾಲಿನಲ್ಲಿ ಅದು 12 ಕಿ.ಮೀ., ಶಿರೂರಿಗೂ ಈಚೆ. ಅದರಾಚೆ ನಿಂತವರು ನಮ್ಮ ಅಜ್ಜಿಯರೆಂದು ನಾನು ಲೆಕ್ಕಕ್ಕಾಗಿ ನಿಲ್ಲಿಸಿದ್ದು. ಮಲಪ್ರಭೆಯ ದಂಡೆಯಲ್ಲಿ ಕೈಗೊಡಲಿ ಮಾಡಿದವರು ನಮ್ಮ ನೇರ ಪೂರ್ವಿಕರೇ ಆಗಿರಬೇಕಿಲ್ಲ, ಬೇರೆ ಜಾತಿಯ ಮಾನವರು. ಅವರ ಮುಖ ಹೇಗಿತ್ತೆಂದು ಹೇಳಲು ಭಾರತದಲ್ಲಿ ಒದಗಿರುವ ಆಧಾರ 1982ರಲ್ಲಿ ಅರುಣ್ ಸೋನಕಿಯಾ ನರ್ಮದೆಯ ಹಥ್ನೋರಾದಲ್ಲಿ ಕಂಡ ತಲೆಬುರುಡೆಯ ಒಂದು ಭಾಗ. ಕಲ್ಲಿನ ಆಯುಧಗಳು ರಾಶಿರಾಶಿ. ಅವನ್ನು ಮಾಡಿದವರದ್ದು ತೀರ ಕಡಿಮೆ.