ಗಾಲಿಗಳ ಮೇಲೊಂದು ಪರಹಿತ ಯಾತ್ರೆ

ಪರರಿಗಾಗಿ ಬೇಡುವುದು ಕಠಿಣವಾದ ಕಾರ್ಯ. ತನ್ನ ಹಸಿವಿಗಾಗಿ ಕೈಯೊಡ್ಡುವವನನ್ನು ಲೋಕ ಕನಿಕರದಿಂದ ಕಾಣುತ್ತದೆ. ಪರರ ಹೆಸರಿನಲ್ಲಿ ವಂತಿಗೆಯ ಪಟ್ಟಿ ಹಿಡಿದು ಬಂದವನನ್ನು ಸಂಶಯದಿಂದ ಕಾಣುತ್ತದೆ. ಆ ಸಂಶಯ ಅಕಾರಣವಾದುದೆಂದು ಹೇಳುವಂತಿಲ್ಲ. ಕೊಡುವವನ ಮನಸ್ಸಿನಲ್ಲಿ ಎರಡು ಪ್ರಶ್ನೆಗಳು ಸಹಜವಾಗಿಯೇ ಏಳುತ್ತವೆ. ನಾನು ಕೊಟ್ಟ ಹಣ ಮುಟ್ಟಬೇಕಾದವರಿಗೆ ಮುಟ್ಟುವುದೇ? ಕೇಳಲು ಬಂದಿರುವವನು ತಾನಾದರೂ ಏನನ್ನು ಕೊಟ್ಟಿದ್ದಾನೆ?

ಈ ಎರಡು ಪ್ರಶ್ನೆಗಳಿಗೆ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸೈಕಲ್ ಸವಾರರು 1980ರಿಂದಲೂ ಉತ್ತರ ಕೊಡುತ್ತ ಬಂದಿದ್ದಾರೆ. ಅವರ ಯಾತ್ರೆಗೆ 'ಪ್ಯಾನ್-ಮ್ಯಾಸ್ ಚಾಲೆಂಜ್' ಎಂದು ಹೆಸರು. ರಾಜ್ಯದ ಒಳನಾಡಿನಿಂದ ಹೊರಟು ಅಟ್ಲಾಂಟಿಕ್ ಸಾಗರದೊಳಗೆ ತೋಳಿನಂತೆ ಚಾಚಿಕೊಂಡಿರುವ ಕೇಪ್ ಕಾಡ್ ಎಂಬ ಭೂಭಾಗದ ತುದಿಯವರೆಗೆ ಅವರು ಸೈಕಲ್ ತುಳಿಯುತ್ತಾರೆ. ಸಂಗ್ರಹವಾದ ಹಣವು ಬಾಸ್ಟನ್ ನಗರದ ಡಾನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಗೆ ಸಲ್ಲುತ್ತದೆ. ಈ ಯಾತ್ರೆಯ ಹಿನ್ನೆಲೆ ಮತ್ತು ರೀತಿನೀತಿಗಳು ನಮ್ಮ ಕುಟುಂಬಗಳೂ ತಿಳಿಯತಕ್ಕವಾಗಿವೆ.

ಮಗನೊಬ್ಬನ ದುಃಖ

ಈ ಯಾತ್ರೆಯನ್ನು ಆರಂಭಿಸಿದವರು ಬಿಲ್ಲಿ ಸ್ಟಾರ್. 1974ರಲ್ಲಿ ಅವರ ತಾಯಿ ಚರ್ಮದ ಕ್ಯಾನ್ಸರಿಗೆ ಬಲಿಯಾದರು. ಆಗ ಆಕೆಗೆ 49 ವರ್ಷ. ಮಗನಿಗೆ ಇಪ್ಪತ್ತು ದಾಟಿ ಕೆಲವೇ ವರ್ಷಗಳಾಗಿದ್ದವು. ತಾಯಿಯನ್ನು ಕಳೆದುಕೊಂಡ ಯುವಕನಿಗೆ ದೀರ್ಘವಾದ ಸೈಕಲ್ ಪ್ರವಾಸಗಳು ಪ್ರಿಯವಾಗಿದ್ದವು. ತನಗೆ ಪ್ರಿಯವಾದ ಈ ಶ್ರಮವನ್ನೇ ತಾಯಿಯ ನೆನಪಿನ ಸೇವೆಗೆ ಏಕೆ ತೊಡಗಿಸಬಾರದು ಎಂಬ ಯೋಚನೆ ಅವರಲ್ಲಿ ಮೂಡಿತು.

1980ರಲ್ಲಿ 36 ಜನ ಸವಾರರು ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಿಂದ ಹೊರಟು, ಸುಮಾರು 350 ಕಿಲೋಮೀಟರ್ ಕ್ರಮಿಸಿ, ಕೇಪ್ ಕಾಡಿನ ತುದಿಯ ಪ್ರಾವಿನ್ಸ್‌ಟೌನ್ ಸೇರಿದರು. ಆ ವರ್ಷ ಕೂಡಿದ ಹಣ 10,200 ಡಾಲರ್. ಬೆರಳೆಣಿಕೆಯ ಮಿತ್ರರು ತಮ್ಮ ಬಂಧುಬಳಗದಲ್ಲಿ ಕೇಳಿ ಕೂಡಿಸಿದ ಹಣವದು. ಮುಂದೆ ಪ್ರತಿ ವರ್ಷವೂ ಆಗಸ್ಟ್ ತಿಂಗಳ ಆರಂಭದಲ್ಲಿ ಯಾತ್ರೆ ನಡೆಯಿತು. 2024ರ ಯಾತ್ರೆಯಲ್ಲಿ ಆರು ಸಾವಿರಕ್ಕೂ ಹೆಚ್ಚು ಸವಾರರು ಪಾಲ್ಗೊಂಡರು; ಆ ವರ್ಷ ಸಂಸ್ಥೆಗೆ ಸಂದದ್ದು 7.5 ಕೋಟಿ ಡಾಲರ್. 1980ರಿಂದ ಆ ವರ್ಷದವರೆಗಿನ ಒಟ್ಟು ಕಾಣಿಕೆ ನೂರು ಕೋಟಿ ಡಾಲರುಗಳ ಗಡಿಯನ್ನು ದಾಟಿತು.

ರೋಗದೊಡನೆ ಹೋರಾಡಿದವರು

ಈ ಹಣ ಯಾವ ಕಾರ್ಯಕ್ಕೆ ಸಲ್ಲುತ್ತದೆಂಬುದನ್ನು ಅರಿಯಲು ಇನ್ನೂ ಹಿಂದಕ್ಕೆ ಹೋಗಬೇಕು. 1940ರ ದಶಕದಲ್ಲಿ ಮಗುವಿಗೆ ರಕ್ತದ ಕ್ಯಾನ್ಸರ್ ತಗಲಿತೆಂದರೆ ವೈದ್ಯರು ಕೈಚೆಲ್ಲುತ್ತಿದ್ದರು. ಕೆಲವು ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಮರಣ ನಿಶ್ಚಿತವಾಗಿತ್ತು. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ರೋಗಶಾಸ್ತ್ರಜ್ಞ ಡಾ. ಸಿಡ್ನಿ ಫಾರ್ಬರ್ ಅದನ್ನು ಒಪ್ಪಿ ಸುಮ್ಮನಿರಲಿಲ್ಲ. ಫೋಲಿಕ್ ಆಮ್ಲವೆಂಬ ಜೀವಸತ್ವವು ರೋಗಗ್ರಸ್ತ ರಕ್ತಕಣಗಳ ಬೆಳವಣಿಗೆಯನ್ನು ಹೆಚ್ಚಿಸುವಂತೆ ಅವರಿಗೆ ಕಂಡಿತು. ಹಾಗಾದರೆ ಆ ಆಮ್ಲದ ಕೆಲಸವನ್ನು ತಡೆಯುವ ವಸ್ತುವು ರೋಗವನ್ನೂ ತಡೆಯಬೇಕಲ್ಲವೇ ಎಂದು ಅವರು ತರ್ಕಿಸಿದರು.

ಅಂಥ ವಸ್ತುವನ್ನು ಸಿದ್ಧಪಡಿಸಿ ಕೊಟ್ಟ ತಂಡದ ನಾಯಕರು ಭಾರತೀಯರು. ಆಂಧ್ರದ ಭೀಮಾವರಂನಲ್ಲಿ 1895ರಲ್ಲಿ ಜನಿಸಿದ ಯೆಲ್ಲಾಪ್ರಗಡ ಸುಬ್ಬರಾವ್ ಅವರು ತಮ್ಮ ಇಬ್ಬರು ಸೋದರರನ್ನು ಸ್ಪ್ರೂ ಎಂಬ ಕರುಳುಬೇನೆಯಿಂದ ಅಲ್ಪಕಾಲದಲ್ಲಿಯೇ ಕಳೆದುಕೊಂಡವರು. 1923ರಲ್ಲಿ ಬಾಸ್ಟನ್ನಿಗೆ ಹೋದ ಅವರು ಹೊಟ್ಟೆಪಾಡಿಗಾಗಿ ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ಕೆಲಸ ಮಾಡುತ್ತ ಹಾರ್ವರ್ಡಿನಲ್ಲಿ ಸಂಶೋಧನೆ ನಡೆಸಿದರು. 1940ರಲ್ಲಿ ಲೆಡರ್ಲೆ ಪ್ರಯೋಗಾಲಯವನ್ನು ಸೇರಿದರು. ಅಲ್ಲಿ ಅವರ ತಂಡವು ಫೋಲಿಕ್ ಆಮ್ಲವನ್ನೂ, ಅದರ ಪ್ರತಿರೋಧಿಯಾದ ಅಮಿನೋಪ್ಟೆರಿನ್ ಎಂಬ ಔಷಧವನ್ನೂ ತಯಾರಿಸಿತು. ಫಾರ್ಬರ್ ಆ ಔಷಧವನ್ನು ಮಕ್ಕಳಿಗೆ ಕೊಟ್ಟರು. 1948ರಲ್ಲಿ ಪ್ರಕಟವಾದ ಅವರ ವರದಿಯಂತೆ 16 ಮಕ್ಕಳಲ್ಲಿ 10 ಮಕ್ಕಳ ರೋಗ ಹಿಮ್ಮೆಟ್ಟಿತು. ಅದು ತಾತ್ಕಾಲಿಕವಾದ ಗೆಲುವು, ರೋಗ ಮರುಕಳಿಸಿತು. ಆದರೂ ಔಷಧದಿಂದ ಈ ರೋಗವನ್ನು ಹಿಮ್ಮೆಟ್ಟಿಸಬಹುದೆಂಬುದು ಮೊದಲ ಬಾರಿಗೆ ಸಿದ್ಧವಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ಸುಬ್ಬರಾವ್ ಕಾಲವಾದರು.

ಅದೇ 1948ರ ಮೇ 22ರಂದು ಅಮೆರಿಕದ ರೇಡಿಯೋದಲ್ಲಿ ಕಾರ್ಯಕ್ರಮವೊಂದು ಪ್ರಸಾರವಾಯಿತು. ಫಾರ್ಬರ್ ಅವರಲ್ಲಿ ಚಿಕಿತ್ಸೆ ಪಡೆಯುತ್ತಿದ್ದ ಹನ್ನೆರಡು ವರ್ಷದ ಬಾಲಕನೊಬ್ಬ ಹಾಸಿಗೆಯಿಂದಲೇ ಮಾತನಾಡಿದ. ಅವನ ನಿಜವಾದ ಹೆಸರನ್ನು ಮುಚ್ಚಿಟ್ಟು 'ಜಿಮ್ಮಿ' ಎಂದು ಕರೆದರು. ಅವನ ಮೆಚ್ಚಿನ ಬೇಸ್‌ಬಾಲ್ ತಂಡದ ಆಟಗಾರರೇ ಅವನ ಕೊಠಡಿಗೆ ಬಂದರು. ಮಕ್ಕಳ ಕ್ಯಾನ್ಸರ್ ಸಂಶೋಧನೆಗೆ 20,000 ಡಾಲರ್ ಕೂಡಿದರೆ ಆಟ ನೋಡಲು ಅವನಿಗೊಂದು ಟೆಲಿವಿಷನ್ ದೊರೆಯುವುದೆಂದು ಸಾರಲಾಯಿತು. ಆ ವರ್ಷ ಎರಡು ಲಕ್ಷಕ್ಕೂ ಮಿಕ್ಕ ಡಾಲರ್ ಹರಿದುಬಂದಿತು. ಹೀಗೆ 'ಜಿಮ್ಮಿ ಫಂಡ್' ಎಂಬ ನಿಧಿ ಹುಟ್ಟಿತು. ಇಂದು ಆ ನಿಧಿಗೆ ಬರುವ ಕಾಣಿಕೆಗಳಲ್ಲಿ ಸೈಕಲ್ ಸವಾರರದೇ ಅತಿ ದೊಡ್ಡದು.

ಆ ಬಾಲಕ ಎಂದೋ ತೀರಿಕೊಂಡಿರಬೇಕೆಂದೇ ಜನ ಭಾವಿಸಿದ್ದರು. 1998ರಲ್ಲಿ, ಐವತ್ತು ವರ್ಷಗಳ ತರುವಾಯ, ಅವನು ಬದುಕಿರುವ ಸುದ್ದಿ ಹೊರಬಂದಿತು. ಐನಾರ್ ಗುಸ್ತಾಫ್ಸನ್ ಎಂಬುದು ಅವರ ನಿಜನಾಮ. ಮೇನ್ ರಾಜ್ಯದ ಆಲೂಗಡ್ಡೆ ಬೆಳೆಯುವ ರೈತ ಕುಟುಂಬದ ಆ ಹುಡುಗ ಗುಣಹೊಂದಿ, ದುಡಿದು, ಸಂಸಾರವಂತರಾಗಿ 2001ರವರೆಗೆ ಬಾಳಿದ್ದರು. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಬಗೆಯ ರಕ್ತದ ಕ್ಯಾನ್ಸರಿನಲ್ಲಿ ಇಂದು ಶ್ರೀಮಂತ ದೇಶಗಳ ಹತ್ತು ಮಕ್ಕಳ ಪೈಕಿ ಸುಮಾರು ಒಂಬತ್ತು ಮಕ್ಕಳು ಉಳಿಯುತ್ತಾರೆ. ಈ ಬದಲಾವಣೆ ಒಂದು ದಿನದಲ್ಲಿ ಆದುದಲ್ಲ. ಎಷ್ಟೋ ಪ್ರಯೋಗಗಳು, ಎಷ್ಟೋ ಸೋಲುಗಳು ಇದರ ಹಿಂದಿವೆ. ಸೋಲುವ ಪ್ರಯೋಗಕ್ಕೂ ಹಣ ಬೇಕು. ಅಂಥದಕ್ಕೆ ಧೈರ್ಯದಿಂದ ಕೊಡುವವರೂ ಬೇಕು.

ಎರಡು ದಿನಗಳ ದಾರಿ

ಯಾತ್ರೆಯಲ್ಲಿ ಹಲವು ಮಾರ್ಗಗಳಿವೆ. ಅನೇಕ ವರ್ಷಗಳ ಕಾಲ ಮುಖ್ಯ ಮಾರ್ಗವು ಸ್ಟರ್‌ಬ್ರಿಜ್ ಎಂಬ ಪಟ್ಟಣದಿಂದ ಹೊರಡುತ್ತಿತ್ತು. ಎರಡು ದಿನಗಳ ಹಾದಿ ಸುಮಾರು 300 ಕಿಲೋಮೀಟರ್. ಮೊದಲ ದಿನವೇ ಅದರ ಅರ್ಧಕ್ಕಿಂತ ಹೆಚ್ಚು ಮುಗಿಯುತ್ತಿತ್ತು. ಶಕ್ತಿ ಕಡಿಮೆಯಿರುವವರಿಗೆ ವೆಲ್ಸ್‌ಲಿ ಎಂಬ ಊರಿನಿಂದ ಹೊರಡುವ ಕಿರಿದಾದ ಮಾರ್ಗಗಳೂ ಉಂಟು. ಇದು ಸ್ಪರ್ಧೆಯಲ್ಲ; ಮೊದಲು ಬಂದವರಿಗೆ ಬಹುಮಾನವಿಲ್ಲ.

ಆಗಸ್ಟ್ ತಿಂಗಳೆಂದರೆ ಅಲ್ಲಿ ಬೇಸಿಗೆ. ಬಿಸಿಲಿನೊಡನೆ ಸೆಕೆಯೂ ಇರುತ್ತದೆ. ಒಳನಾಡಿನ ದಾರಿ ಏರಿಳಿತಗಳಿಂದ ಕೂಡಿದೆ. ನಡುನಡುವೆ ನೀರು, ಹಣ್ಣು, ತಿನಿಸುಗಳ ನೆಲೆಗಳಿವೆ. ಸ್ವಯಂಸೇವಕರು ಅಲ್ಲಿ ಕಾದುನಿಂತು ಉಪಚರಿಸುತ್ತಾರೆ. ಅವರ ಸಂಖ್ಯೆಯೇ ಮೂರು ಸಾವಿರವನ್ನು ಮೀರುತ್ತದೆ. ಬೋರ್ನ್ ಎಂಬಲ್ಲಿನ ನೌಕಾ ವಿದ್ಯಾಲಯದ ಆವರಣದಲ್ಲಿ ರಾತ್ರಿಯ ತಂಗುವಿಕೆ. ಮರುದಿನ ಇನ್ನೂ ನಸುಗತ್ತಲಿರುವಾಗಲೇ ಸವಾರರು ಹೊರಟು ಕಾಲುವೆಯ ಮೇಲಿನ ಎತ್ತರದ ಸೇತುವೆಯನ್ನು ದಾಟುತ್ತಾರೆ. ಕೊನೆಯ ಭಾಗದಲ್ಲಿ ಮರಳದಿಬ್ಬಗಳ ನಡುವೆ ಸಮುದ್ರದ ಗಾಳಿಯನ್ನು ಎದುರಿಸಬೇಕು. ಪ್ರಾವಿನ್ಸ್‌ಟೌನಿನಲ್ಲಿ ನೆಲ ಮುಗಿಯುತ್ತದೆ. ಅಲ್ಲಿಂದ ಬಹಳ ಮಂದಿ ಹಡಗನ್ನೇರಿ ಬಾಸ್ಟನ್ನಿಗೆ ಮರಳುತ್ತಾರೆ.

ಈ ದಾರಿಯಲ್ಲಿ ಹೃದಯವನ್ನು ಕಲಕುವ ಒಂದು ಏರ್ಪಾಡು ಇದೆ. ಸವಾರರ ತಂಡಗಳಿಗೆ ಚಿಕಿತ್ಸೆಯಲ್ಲಿರುವ ಮಕ್ಕಳನ್ನು ಜೊತೆಗಾರರನ್ನಾಗಿ ಮಾಡಿಕೊಡುತ್ತಾರೆ. ದಾರಿಯ ಬದಿಯಲ್ಲಿ ಆ ಮಕ್ಕಳ ಭಾವಚಿತ್ರಗಳನ್ನು ಸಾಲಾಗಿ ನಿಲ್ಲಿಸಿರುತ್ತಾರೆ. ಬರಬಲ್ಲ ಮಕ್ಕಳು ತಂದೆತಾಯಿಗಳೊಡನೆ ಬಂದು ತಮ್ಮ ಸವಾರರನ್ನು ಎದುರುಗೊಳ್ಳುತ್ತಾರೆ. ಸವಾರರಲ್ಲಿಯೂ ಕ್ಯಾನ್ಸರನ್ನು ಗೆದ್ದುಬಂದವರಿದ್ದಾರೆ. ಅವರನ್ನು 'ಜೀವಂತ ಸಾಕ್ಷಿ'ಗಳೆಂದು ಕರೆಯುತ್ತಾರೆ. ಕಾಲು ಸೋತು ಇನ್ನು ಆಗದೆಂದು ನಿಲ್ಲಬೇಕೆನ್ನುವವನ ಕಣ್ಣಿಗೆ ಇವರು ಬಿದ್ದರೆ ತನ್ನ ನೋವನ್ನು ಅಳೆಯುವ ಅಳತೆಗೋಲೇ ಬದಲಾಗುತ್ತದೆ.

ಕಾಯದ ಸಿದ್ಧತೆ

ಉತ್ಸಾಹವೊಂದರಿಂದಲೇ ಇಂಥ ದಾರಿ ಸವೆಯದು. ತಿಂಗಳುಗಟ್ಟಲೆ ಅಭ್ಯಾಸ ಬೇಕು. ವಾರದಿಂದ ವಾರಕ್ಕೆ ದೂರವನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುತ್ತ ಹೋಗಬೇಕು. ಒಮ್ಮೆಲೇ ಹೆಚ್ಚಿಸಿದರೆ ಮೊಣಕಾಲು ಮುಷ್ಕರ ಹೂಡುತ್ತದೆ. ಸೀಟಿನ ಎತ್ತರ ಸರಿಯಾಗಿರಬೇಕು: ಪೆಡಲ್ ಕೆಳಗಿರುವಾಗ ಮೊಣಕಾಲು ತುಸುವೇ ಬಾಗಿರುವುದು ಲೇಸು. ತೊಡೆಸಂದು ಉಜ್ಜಿ ಹುಣ್ಣಾಗದಂತೆ ಮೆತ್ತೆಯಿರುವ ಚಡ್ಡಿ ಬೇಕು. ತಲೆಗೆ ಹೆಲ್ಮೆಟ್ ಕಡ್ಡಾಯ.

ನಮ್ಮ ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಸಕ್ಕರೆಯಂಶದ ಒಂದು ದಾಸ್ತಾನು ಇರುತ್ತದೆ. ಬಿರುಸಾಗಿ ತುಳಿದರೆ ಅದು ಕೆಲವೇ ಗಂಟೆಗಳಲ್ಲಿ ಬರಿದಾಗುತ್ತದೆ. ಆದುದರಿಂದ ಹಸಿವಾಗುವ ಮುನ್ನವೇ ಗಂಟೆಗೊಮ್ಮೆ ಸ್ವಲ್ಪ ತಿನ್ನಬೇಕು. ಬೆವರಿನಲ್ಲಿ ನೀರಿನೊಡನೆ ಉಪ್ಪೂ ಹೋಗುವುದರಿಂದ ಬರಿಯ ನೀರನ್ನೇ ಅತಿಯಾಗಿ ಕುಡಿಯುವುದೂ ಅಪಾಯಕರ. ಮುಂದಿರುವವನು ಗಾಳಿಯನ್ನು ಸೀಳಿಕೊಂಡು ಹೋಗುವುದರಿಂದ ಹಿಂದಿನವನಿಗೆ ಶ್ರಮ ಬಹಳಷ್ಟು ಕಡಿಮೆಯಾಗುತ್ತದೆ. ನುರಿತ ಸವಾರರು ಇದನ್ನರಿತು ಸರದಿಯಂತೆ ಮುಂದೆ ಬರುತ್ತಾರೆ. ದಣಿದವನು ಹಿಂದೆ ಸರಿದು ಸುಧಾರಿಸಿಕೊಳ್ಳುತ್ತಾನೆ. ಹೃದಯದ ತೊಂದರೆಯಿರುವವರು, ವಯಸ್ಸಾದವರು ವೈದ್ಯರ ಸಲಹೆಯಿಲ್ಲದೆ ಇಂಥ ಸಾಹಸಕ್ಕೆ ಇಳಿಯಬಾರದು.

ಲೆಕ್ಕದ ಶುದ್ಧಿ

ಇಲ್ಲಿ ವಿವೇಕಿಗಳು ಒಂದು ಆಕ್ಷೇಪವನ್ನು ಎತ್ತುತ್ತಾರೆ. 'ಕೊಡುವವರು ಹಣವನ್ನು ನೇರವಾಗಿ ಆಸ್ಪತ್ರೆಗೇ ಕೊಡಲಿ. ಊಟ, ತಂಗುದಾಣ, ಕಾವಲು ಎಂದು ವೆಚ್ಚಮಾಡಿ ಸೈಕಲ್ ತುಳಿಯುವುದೇಕೆ?' ಆಕ್ಷೇಪ ನ್ಯಾಯವಾದುದೇ. ಇಂಥ ಯಾತ್ರೆಗಳು ವೆಚ್ಚದ ಭಾರದಿಂದಲೇ ಸೋತ ಉದಾಹರಣೆಗಳಿವೆ. ಏಡ್ಸ್ ರೋಗಿಗಳ ನೆರವಿಗಾಗಿ ಕ್ಯಾಲಿಫೋರ್ನಿಯಾದಲ್ಲಿ 1994ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಲಾಸ್ ಏಂಜಲೀಸಿಗೆ ಏಳು ದಿನಗಳ ಯಾತ್ರೆ ಆರಂಭವಾಯಿತು. ಅದನ್ನು ಖಾಸಗಿ ಕಂಪನಿಯೊಂದು ನಡೆಸುತ್ತಿತ್ತು. ವೆಚ್ಚ ಅತಿಯಾಯಿತೆಂಬ ದೂರು ಬಲಿತು, 2002ರಲ್ಲಿ ಸೇವಾಸಂಸ್ಥೆಗಳೇ ಯಾತ್ರೆಯನ್ನು ತಮ್ಮ ಕೈಗೆ ತೆಗೆದುಕೊಂಡವು. ಸವಾರರು ಕಡಿಮೆಯಾಗಿ, ಖರ್ಚು ಏರಿ, 2025ರ ಜೂನಿನಲ್ಲಿ ಅದರ ಕೊನೆಯ ಯಾತ್ರೆ ನಡೆಯಿತು.

ಮ್ಯಾಸಚೂಸೆಟ್ಸಿನವರು ಇದಕ್ಕೊಂದು ಕಟ್ಟುಪಾಡನ್ನು ಮಾಡಿಕೊಂಡಿದ್ದಾರೆ. 2007ರಿಂದ ಸವಾರರು ಕೂಡಿಸಿದ ಹಣದಲ್ಲಿ ನೂರಕ್ಕೆ ನೂರು ಪಾಲು ಸಂಸ್ಥೆಗೇ ಹೋಗುತ್ತದೆ. ಯಾತ್ರೆಯ ಖರ್ಚನ್ನು ಸವಾರರ ಪ್ರವೇಶ ಶುಲ್ಕ, ಕಂಪನಿಗಳ ನೆರವು ಮುಂತಾದುವುಗಳಿಂದ ತೂಗಿಸುತ್ತಾರೆ. ವಸ್ತುರೂಪದ ಕೊಡುಗೆಗಳೂ ಬರುತ್ತವೆ. ದೊಡ್ಡ ಮಾರ್ಗವನ್ನು ಆಯ್ದುಕೊಳ್ಳುವವನು ಹಲವು ಸಾವಿರ ಡಾಲರ್ ಕೂಡಿಸಿಕೊಡುವುದಾಗಿ ಮೊದಲೇ ಮಾತು ಕೊಡಬೇಕು. ಕೊರತೆ ಬಿದ್ದರೆ ತನ್ನ ಕೈಯಿಂದಲೇ ತುಂಬಬೇಕು. ಹೀಗೆ ಬೇಡುವವನು ಮೊದಲು ತಾನು ಹೊಣೆಗಾರನಾಗುತ್ತಾನೆ.

2020ರಲ್ಲಿ ಕೊರೋನಾ ಸೋಂಕಿನಿಂದಾಗಿ ಸಾಮೂಹಿಕ ಯಾತ್ರೆ ನಿಂತಿತು. ಸವಾರರು ತಮ್ಮ ತಮ್ಮ ಊರುಗಳ ದಾರಿಯಲ್ಲಿ ತಾವೇ ಸೈಕಲ್ ತುಳಿದರು. ಆ ವರ್ಷವೂ ಐದು ಕೋಟಿ ಡಾಲರ್ ಕೂಡಿತು. ದಾರಿಯ ಬದಿಯ ಚಪ್ಪಾಳೆಯಿಲ್ಲ, ನೀರಿನ ನೆಲೆಗಳಿಲ್ಲ, ಸಮುದ್ರತೀರದ ಸಂಭ್ರಮವಿಲ್ಲ. ಆದರೂ ಕೊಟ್ಟ ಮಾತು ಉಳಿಯಿತು. ಯಾತ್ರೆಯ ಸತ್ತ್ವ ಮೆರವಣಿಗೆಯಲ್ಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.

ಹಾಗಾದರೆ ದಣಿಯುವುದೇಕೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ಹಣವನ್ನು ಒಂಟಿಯಾಗಿ ಕೊಟ್ಟವನು ಒಮ್ಮೆ ಕೊಟ್ಟು ಮರೆಯಬಹುದು. ಆದರೆ ಸವಾರನು ತಿಂಗಳುಗಟ್ಟಲೆ ಅಭ್ಯಾಸ ಮಾಡುವಾಗ ಅವನ ಮನೆಯವರೂ, ನೆರೆಯವರೂ, ಕಚೇರಿಯ ಜೊತೆಗಾರರೂ ಯಾರಿಗಾಗಿ ಎಂದು ಕೇಳುತ್ತಾರೆ. ಅವನು ಹೇಳಬೇಕಾಗುತ್ತದೆ: ನನ್ನ ತಾಯಿಗಾಗಿ, ನನ್ನ ತಮ್ಮನಿಗಾಗಿ, ಈ ಭಾವಚಿತ್ರದಲ್ಲಿರುವ ಮಗುವಿಗಾಗಿ. ಹೇಳಿದಾಗ, ಕೇಳಿದವನೂ ತನ್ನ ಮನೆಯ ದುಃಖವನ್ನು ಹೇಳುತ್ತಾನೆ. ಗುಟ್ಟಾಗಿದ್ದ ರೋಗ ಹೀಗೆ ಹತ್ತು ಜನರ ಮಾತಿಗೆ ಬರುತ್ತದೆ.

ನಮ್ಮ ಮನೆಗಳಲ್ಲಿ ಈ ರೋಗದ ಹೆಸರನ್ನು ಬಾಯಿಬಿಟ್ಟು ಹೇಳುವವರು ಇಂದಿಗೂ ವಿರಳ. 'ದೊಡ್ಡ ರೋಗ' ಎಂದು ಪಿಸುಗುಟ್ಟುತ್ತೇವೆ. ಮಗಳ ಮದುವೆಗೆ ಅಡ್ಡಿಯಾದೀತೆಂದು ತಾಯಿಯ ಗಂಟನ್ನು ಮುಚ್ಚಿಡುತ್ತೇವೆ. ಮುಚ್ಚಿಟ್ಟಷ್ಟು ದಿನ ರೋಗ ಬೆಳೆಯುತ್ತದೆ. ಬೇಗ ಕಂಡರೆ ಗುಣವಾಗಬಹುದಾದದ್ದು ಕೈಮೀರುತ್ತದೆ. 'ಜಿಮ್ಮಿ'ಯ ಹೆಸರನ್ನು ಆ ಕಾಲದವರೂ ಮುಚ್ಚಿಟ್ಟಿದ್ದರು. ಇಂದು ಅದೇ ನಿಧಿಗೆ ಹಣ ಕೂಡಿಸುವ ದಾರಿಯ ಬದಿಯಲ್ಲಿ ಮಕ್ಕಳ ಮುಖಗಳನ್ನು ಬಿಸಿಲಿಗೆ ತಂದು ನಿಲ್ಲಿಸಿದ್ದಾರೆ. ಒಂದು ಸಮಾಜ ಅಷ್ಟು ದೂರ ನಡೆದು ಬಂದಿದೆ.

ಸಹೃದಯರಾದ ಓದುಗರೆಲ್ಲರೂ ನಾಳೆಯೇ ಸೈಕಲ್ ಏರಬೇಕೆಂದು ನನ್ನ ಸೂಚನೆಯಲ್ಲ. ಆದರೆ ಪರರ ಹೆಸರಿನಲ್ಲಿ ಕೇಳುವಾಗ ಮೊದಲು ನಮ್ಮ ಮೈಯನ್ನು ದಣಿಸೋಣ. ಕೂಡಿದ ಹಣದ ಲೆಕ್ಕವನ್ನು ಕೊಟ್ಟವರ ಮುಂದೆ ಬಿಚ್ಚಿಡೋಣ. ಅದಕ್ಕೂ ಮುಂಚೆ ಮಾಡಬೇಕಾದ ಕೆಲಸವೊಂದಿದೆ. ಈ ಸಂಜೆ ಮನೆಯ ತಾಯಂದಿರನ್ನು, ಅಕ್ಕತಂಗಿಯರನ್ನು, ಹಿರಿಯರನ್ನು ಕೂಡಿಸಿಕೊಂಡು, ದೇಹದಲ್ಲಿ ಗಂಟು, ಮಾಯದ ಹುಣ್ಣು, ಕಾರಣವಿಲ್ಲದ ರಕ್ತಸ್ರಾವ ಏನಾದರೂ ಇದೆಯೇ ಎಂದು ಸಂಕೋಚವಿಲ್ಲದೆ ವಿಚಾರಿಸೋಣ. ಇದೆಯೆಂದಾದರೆ ಮರುದಿನವೇ ವೈದ್ಯರ ಬಳಿಗೆ ಕರೆದೊಯ್ಯೋಣ.