ಬಿಸ್ಕತ್ತಿನ ಡಬ್ಬ ಮತ್ತು ನಮ್ಮ ಲೆಕ್ಕದಕ್ಕ

ನಿಮ್ಮ ಮನೆಯಲ್ಲಿ ಖಾಲಿ ಬಿಸ್ಕತ್ತಿನ ಡಬ್ಬ ಇದೆಯೇ ಸೋದರಿಯರೇ? ಇದ್ದರೆ ಅದರಲ್ಲಿ ಏನಿಟ್ಟಿದ್ದೀರಿ? ಸೂಜಿ, ದಾರ, ಗುಂಡಿ ಅಲ್ಲವೇ? ನನ್ನ ಮನೆಯ ಡಬ್ಬದಲ್ಲಿ ರೇಷನ್ ಕಾರ್ಡು, ಎಲ್ಲರ ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ಕು ಮತ್ತು ಆಸ್ಪತ್ರೆಯ ಹಳೇ ಚೀಟಿಗಳಿವೆ. ಆ ಡಬ್ಬವನ್ನು ನನಗೆ ತಂದುಕೊಟ್ಟವರು ಇಂದು ಇಲ್ಲ. ಅವರ ವಿಷಯ ನಿಮಗೆ ಹೇಳಬೇಕೆಂದೇ ಈ ಬರಹ.

ನಮ್ಮೂರು ಹೆಮ್ಮಾಡಿ. ಕುಂದಾಪುರದಿಂದ ಬೈಂದೂರಿಗೆ ಹೋಗುವ ಹೆದ್ದಾರಿಯಲ್ಲಿ, ಕೊಲ್ಲೂರಿನ ದಾರಿ ಒಡೆಯುವ ಜಾಗ. ಜನವರಿಯಲ್ಲಿ ಮಾರಣಕಟ್ಟೆ ಜಾತ್ರೆಗೆ ಹೋಗುವ ಸೇವಂತಿಗೆಯ ಊರು ಎಂದರೆ ಬೇಗ ಗುರುತು ಸಿಕ್ಕೀತು. ಅವರು ನಿತ್ಯ ಬೆಳಿಗ್ಗೆ ಇಲ್ಲಿಂದಲೇ ಬಸ್ಸು ಹತ್ತುತ್ತಿದ್ದರು. ತಾಲೂಕಿನ ಆರೋಗ್ಯ ಕಚೇರಿಯಲ್ಲಿ ಹಣದ ಲೆಕ್ಕ ಬರೆಯುವ, ಗುತ್ತಿಗೆಯ ಕೆಲಸ. ಹಾಗಾಗಿ ಊರಿಗೆಲ್ಲ ಅವರು ‘ಲೆಕ್ಕದಕ್ಕ’. ಹೆಸರು ಬೇಡ. ಇದ್ದಿದ್ದರೆ ಅವರೇ ಬೇಡ ಎನ್ನುತ್ತಿದ್ದರು.

ಹತ್ತನೇ ತರಗತಿ ಮುಗಿಸಿ ಮದುವೆಯಾಗಿ ಬಂದ ನನಗೂ ಸರಕಾರಿ ಲೆಕ್ಕಕ್ಕೂ ಎತ್ತಣ ಸಂಬಂಧ ಎನ್ನುವಿರಾ? 2013ರಲ್ಲಿ ನಮ್ಮ ಸ್ವಸಹಾಯ ಸಂಘದ ಪರವಾಗಿ ನನ್ನನ್ನು ಊರಿನ ಆರೋಗ್ಯ ಮತ್ತು ನೈರ್ಮಲ್ಯ ಸಮಿತಿಗೆ ಸೇರಿಸಿದರು. 2005ರಲ್ಲಿ ಶುರುವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಲ್ಲಿ ಹುಟ್ಟಿದ ಸಮಿತಿ ಅದು. ಊರಿನ ಸ್ವಚ್ಛತೆಗೆ, ಬಡ ರೋಗಿಯ ತುರ್ತಿಗೆ ಎಂದು ವರ್ಷಕ್ಕೆ 10,000 ರೂಪಾಯಿಯವರೆಗೆ ಬರುತ್ತಿತ್ತು. ಪುಸ್ತಕ ಬರೆಯುವ ಕೆಲಸ ನನ್ನ ತಲೆಗೆ ಬಿತ್ತು. ಕಲಿಸಿದವರು ಲೆಕ್ಕದಕ್ಕ. “ಹಾಲಿನ ಲೆಕ್ಕ ಬರೀತ್ಯಲ್ಲ, ಇದೂ ಹಾಂಗೇ ಮಾರಾಯ್ತಿ. ಬಂದದ್ದ್ ಒಂದ್ ಬದಿ, ಹೋದದ್ದ್ ಒಂದ್ ಬದಿ, ಚೀಟಿ ಮಾತ್ರ ಬಿಡ್ಬೇಡ” ಎಂದರು. ಅಷ್ಟೇ ಪಾಠ!

ಒಮ್ಮೆ ನಮ್ಮ ಸಭೆಗೆ ಮೇಲಿನವರೊಬ್ಬರು ಬರುವವರಿದ್ದರು. ನಾವು ಸಂಭ್ರಮದಿಂದ ಸೇವಂತಿಗೆ ಹಾರ, ಗೋಳಿಬಜೆ, ಚಹಾ ಎಲ್ಲ ಮಾಡಿ ಖರ್ಚು ಆರುನೂರ ನಲವತ್ತು ಎಂದು ಸಮಿತಿಯ ಪುಸ್ತಕದಲ್ಲಿ ಬರೆದೆವು. ಲೆಕ್ಕದಕ್ಕ ಅದಕ್ಕೆ ಒಪ್ಪಲೇ ಇಲ್ಲ. “ಇದ್ ಕಾಯಿಲೆಯವ್ರ ದುಡ್ಡ್. ಹಾರಕ್ಕಲ್ಲ” ಎಂದು ಎಲ್ಲರೆದುರೇ ಪುಸ್ತಕ ಹಿಂದಕ್ಕೆ ಕೊಟ್ಟರು. ನನಗೆ ಎಷ್ಟು ಅವಮಾನವಾಯಿತೆಂದರೆ, ಮೂರು ತಿಂಗಳು ಅವರ ಜೊತೆ ಮಾತೇ ಬಿಟ್ಟೆ. ಬಸ್‌ಸ್ಟಾಂಡಿನಲ್ಲಿ ಕಂಡರೂ ಮುಖ ತಿರುಗಿಸುತ್ತಿದ್ದೆ. ಆ ಹಣವನ್ನು ನಾವು ಕೈಯಿಂದ ಹಾಕಿದೆವು. ಅದರಲ್ಲಿ ಅವರದ್ದೂ ಒಂದು ಪಾಲು ಇತ್ತು ಎಂದು ನನಗೆ ತಿಳಿದದ್ದು ಬಹಳ ತಡವಾಗಿ.

2019ರ ಮಳೆಗಾಲ. ನನ್ನ ಅತ್ತೆಗೆ ಎದೆನೋವು ಕಾಣಿಸಿಕೊಂಡಿತು. ರಕ್ತನಾಳ ಕಟ್ಟಿದೆ, ಸ್ಟೆಂಟ್ ಹಾಕಬೇಕು ಎಂದರು. ನಮ್ಮವರು ನನ್ನ ಕರಿಮಣಿ ಸರವೊಂದನ್ನು ಬಿಟ್ಟು ಉಳಿದ ಚಿನ್ನವನ್ನೆಲ್ಲ ಅಡವಿಡಲು ಕಟ್ಟಿಟ್ಟಿದ್ದರು. ರಾತ್ರಿ ಒಂಬತ್ತಕ್ಕೆ ಕೊಡೆ ಹಿಡಿದುಕೊಂಡು ಲೆಕ್ಕದಕ್ಕ ಬಂದರು. “ಚಿನ್ನ ಒಳ್ಗೇ ಇರ್ಲಿ. ರೇಷನ್ ಕಾರ್ಡ್ ಎಲ್ಲಿತ್ತ್, ಅದ್ನ ಹೆರಗ್ ತೆಗಿ” ಎಂದರು.

ಕಾರ್ಡಿನಲ್ಲಿ ಅತ್ತೆಯ ಹೆಸರೇ ಇಲ್ಲ! ಅದು ಮೈದುನನ ಮನೆಯ ಕಾರ್ಡಿನಲ್ಲಿತ್ತು. ನಾವು ಯಾರೂ ಅದನ್ನು ಯೋಚಿಸಿಯೇ ಇರಲಿಲ್ಲ. ಅವರೇ ಫೋನು ಮಾಡಿ, ಬೆಳಗಾಗುವುದರೊಳಗೆ ಆ ಕಾರ್ಡು ತರಿಸಿದರು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಚಿತ, ಸರಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಬೇಕು, ತೀರಾ ತುರ್ತಾದರೆ ಅದಿಲ್ಲದೆಯೂ ಸೇರಿಸಬಹುದು, ಆಸ್ಪತ್ರೆಗೆ ಹೋದ ಕೂಡಲೇ ‘ಆರೋಗ್ಯಮಿತ್ರ’ರನ್ನು ಕೇಳಬೇಕು, ಹೀಗೆ ಒಂದೊಂದನ್ನೂ ಬೆರಳು ಮಡಚಿ ಹೇಳಿದರು. ಅತ್ತೆ ನಡೆದುಕೊಂಡೇ ಮನೆಗೆ ಬಂದರು. ಚಿನ್ನ ಕಪಾಟಿನಲ್ಲೇ ಉಳಿಯಿತು. ಆ ದಿನ ನಾನು ಅವರ ಕೈ ಹಿಡಿದು ಅತ್ತೆ. ಹಳೆಯ ಸಿಟ್ಟಿನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆದರೆ ಇಲ್ಲದ್ದನ್ನು ಇದೆ ಎಂದು ಹೇಳುವ ಜಾತಿಯಲ್ಲ ಅವರು. ಪಕ್ಕದ ಮನೆಯವರು ಎಪಿಎಲ್ ಕಾರ್ಡು ಹಿಡಿದು ಬಂದಾಗ, “ನಿಮ್ಗೆ ಸರಕಾರ ನಿಗದಿ ಮಾಡಿದ ದರದಲ್ಲಿ ನೂರಕ್ಕೆ ಮೂವತ್ತು ಮಾತ್ರ ಸಿಕ್ಕುದ್, ಬಾಕಿ ದುಡ್ಡ್ ಈಗ್ಲೇ ಹೊಂದಿಸ್ಕಣಿ” ಎಂದು ನೇರ ಹೇಳಿದರು. ಯೋಜನೆಗಳ ಹೆಸರು ಬದಲಾಗುತ್ತಲೇ ಇರುತ್ತವೆ ನೋಡಿ. ಸಹಕಾರಿ ಸಂಘದ ಸದಸ್ಯರಿಗೆ 2003ರಲ್ಲಿ ತಲೆಗೆ ವರ್ಷಕ್ಕೆ ಬರೇ 60 ರೂಪಾಯಿಯಲ್ಲಿ ಯಶಸ್ವಿನಿ ಬಂತು. 2018ರಲ್ಲಿ ಅದು ಆರೋಗ್ಯ ಕರ್ನಾಟಕದಲ್ಲಿ ಸೇರಿಹೋಯಿತು. 2023ರಿಂದ ಮತ್ತೆ ಬೇರೆಯಾಗಿ ಶುರುವಾಯಿತು. ಹೆಸರು ಯಾವುದೇ ಇರಲಿ, ಕೇಳುವುದು ಕಾಗದವನ್ನೇ ಎನ್ನುವುದು ಅವರ ಮಾತು. ಹಾಗೆ ಹೇಳಿಯೇ ನನಗೆ ಆ ಡಬ್ಬ ಕೊಟ್ಟದ್ದು.

ಈಗ ಕಷ್ಟದ ಮಾತು. 2022ರ ಜನವರಿಯಲ್ಲಿ, ಸೇವಂತಿಗೆಯ ಕಾಲದಲ್ಲೇ, ಎದೆಯಲ್ಲೊಂದು ಗಂಟು ಕೈಗೆ ಸಿಗುತ್ತದೆ ಎಂದು ನನ್ನೊಬ್ಬಳ ಹತ್ತಿರ ಹೇಳಿದ್ದರು. ತೋರಿಸಿ ಅಕ್ಕ ಎಂದೆ. “ಮಾರ್ಚ್ ಮುಗೀಲಿ ಮಾರಾಯ್ತಿ, ಆಮೇಲ್ ಹ್ವಾಪ” ಎಂದರು. ಲೆಕ್ಕದವರಿಗೆ ಮಾರ್ಚ್ ಎಂದರೆ ನಮಗೆ ಮದುವೆಮನೆ ಇದ್ದಂತೆ. ವರ್ಷದ ಲೆಕ್ಕ ಮುಗಿಯಬೇಕು, ಉಳಿದ ಹಣಕ್ಕೆ ಉತ್ತರ ಕೊಡಬೇಕು. ಮಾರ್ಚ್ ಮುಗಿಯಿತು. ಏಪ್ರಿಲಿನಲ್ಲಿ ಮಗಳ ಪರೀಕ್ಷೆ. ಮೇ ತಿಂಗಳಲ್ಲಿ ನೆಂಟರ ಮದುವೆ. ಕೊನೆಗೆ ತೋರಿಸಿದಾಗ ಕಾಯಿಲೆ ಬಹಳ ಮುಂದೆ ಹೋಗಿತ್ತು. ಮರುವರ್ಷದ ಸೇವಂತಿಗೆ ನೋಡಲು ಅವರು ಉಳಿಯಲಿಲ್ಲ.

ವೈಕುಂಠ ಸಮಾರಾಧನೆ ಮುಗಿದ ಮೇಲೆ ಮಗಳು ಅವರ ಡಬ್ಬ ತೆಗೆದು ತೋರಿಸಿದಳು. ಎಲ್ಲವೂ ಸಾಲಾಗಿ ಜೋಡಿಸಿಟ್ಟಿತ್ತು. ಎಲ್ಲಕ್ಕಿಂತ ಕೆಳಗೆ ಪರೀಕ್ಷೆ ಮಾಡಿಸಲು ಡಾಕ್ಟರು ಬರೆದುಕೊಟ್ಟ ಚೀಟಿ. ತಾರೀಖು ಜನವರಿಯದ್ದು. ಅಂದರೆ ಚೀಟಿ ಮಾಡಿಸಿದ್ದರು, ಹೋಗಿರಲಿಲ್ಲ! ಊರಿನವರ ಕಾಗದಕ್ಕೆ ರಾತ್ರಿ ಒಂಬತ್ತಕ್ಕೂ ಓಡಿದವರು ತಮ್ಮ ಕಾಗದವನ್ನು ಅಡಿಯಲ್ಲಿಟ್ಟುಬಿಟ್ಟಿದ್ದರು. ನಾನಾದರೂ ಕೈ ಹಿಡಿದು ಎಳೆದುಕೊಂಡು ಹೋಗಬೇಕಿತ್ತು. ನಾನೂ ‘ಮಾರ್ಚ್ ಮುಗೀಲಿ’ ಎಂದು ಸುಮ್ಮನಿದ್ದೆನಲ್ಲ ಎಂಬುದು ಇಂದಿಗೂ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿದೆ.

ಆದ್ದರಿಂದ ಸೋದರಿಯರೇ, ಈ ಪುಟ ಮಡಚಿಡುವ ಮೊದಲು ಮೂರು ಕೆಲಸ ಮಾಡಿ. ಮನೆಯ ಪ್ರತಿಯೊಬ್ಬರ ಹೆಸರೂ ಯಾವ ರೇಷನ್ ಕಾರ್ಡಿನಲ್ಲಿದೆ ಎಂದು ಇವತ್ತೇ ನೋಡಿ, ಅತ್ತೆ ಮಾವಂದಿರದ್ದು ಮುಖ್ಯವಾಗಿ. ಕಾಗದಗಳನ್ನೆಲ್ಲ ಒಂದೇ ಡಬ್ಬದಲ್ಲಿಟ್ಟು, ಎಲ್ಲಿದೆ ಎಂದು ಮಕ್ಕಳಿಗೂ ಹೇಳಿಡಿ. ಮೂರನೆಯದು ನಿಮಗಾಗಿ. ಮೂವತ್ತು ದಾಟಿದ ಹೆಂಗಸರಿಗೆ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಸ್ತನ, ಗರ್ಭಕಂಠ, ಬಾಯಿಯ ಕ್ಯಾನ್ಸರಿನ ತಪಾಸಣೆಯ ಕಾರ್ಯಕ್ರಮವಿದೆ. ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಿನ ಹೇಳುತ್ತಾರೆ. ಒಬ್ಬರೇ ಹೋಗಲು ಸಂಕೋಚವೇ? ಪಕ್ಕದ ಮನೆಯವರನ್ನೂ ಕರೆದುಕೊಂಡು ಹೋಗಿ.

ಹೋದ ತಿಂಗಳು ನಾನು ಹೋಗಿ ಬಂದೆ. ನಮ್ಮ ಸಂಘದ ನಾಲ್ವರೂ ಜೊತೆಗಿದ್ದರು. ಚೀಟಿಯನ್ನು ತಂದು ಡಬ್ಬದಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟಿದ್ದೇನೆ.